ಅಶೋಕನ ದುಃಖ ಮತ್ತು ಅವನ ಒಳ್ಳೆಯತನ

ಒಳ್ಳೆಯತನವೆಂಬುದು ಪ್ರೀತಿ, ಸಂತೋಷ, ತೃಪ್ತಿಗಳಂಥ ಹಿತವಾದ ಭಾವಗಳ ಫಲವೆಂದು ನಾವು ಸಾಮಾನ್ಯವಾಗಿ ನಂಬಿದ್ದೇವೆ. ಮನಸ್ಸು ಪ್ರಸನ್ನವಾಗಿದ್ದರೆ ನಡತೆಯೂ ತಾನಾಗಿ ನೇರವಾದೀತೆಂದು ಮಕ್ಕಳಿಗೂ ಹೇಳುತ್ತೇವೆ. ಇತಿಹಾಸ ಇದನ್ನು ಪೂರ್ತಿಯಾಗಿ ಒಪ್ಪುವುದೇ? ಅಶೋಕನ ಶಾಸನಗಳನ್ನು ಓದಿದಾಗ ಸಂದೇಹ ಬರುತ್ತದೆ.

ಪಟ್ಟಾಭಿಷೇಕವಾಗಿ 8 ವರ್ಷಗಳಾದ ಮೇಲೆ, ಕ್ರಿ. ಪೂ. 261ರ ಸುಮಾರಿಗೆ, ಅಶೋಕ ಕಳಿಂಗವನ್ನು ಗೆದ್ದನು. 13ನೆಯ ಬಂಡೆ ಶಾಸನದಲ್ಲಿ ಅವನೇ ಲೆಕ್ಕ ಕೊಡುತ್ತಾನೆ: ಸೆರೆಹಿಡಿದು ಸಾಗಿಸಿದವರು 1,50,000, ಹತರಾದವರು 1,00,000, ಬೇರೆ ವಿಧದಲ್ಲಿ ಸತ್ತವರು ಅದರ ಹಲವು ಪಟ್ಟು. ಗೆದ್ದ ದೊರೆಯೊಬ್ಬ ತನ್ನ ಗೆಲುವಿಗಾಗಿ ದುಃಖಿಸಿ, ಆ ದುಃಖವನ್ನು ಕಲ್ಲಿನಲ್ಲಿ ಕೊರೆಸಿದ್ದು ಅಪರೂಪವೇ ಸರಿ. ಅವನನ್ನು ಧರ್ಮದ ಕಡೆಗೆ ತಿರುಗಿಸಿದ್ದು ಹರ್ಷವಲ್ಲ, ಪಶ್ಚಾತ್ತಾಪ.

ಹಾಗಾದರೆ ಪಶ್ಚಾತ್ತಾಪವೊಂದೇ ಸಾಕೇ? ಅದೇ ಶಾಸನದಲ್ಲಿ ಅವನು ಕಾಡಿನ ಜನರಿಗೆ, ತಾನು ಮರುಗಿದ್ದರೂ ತನ್ನ ಬಲ ಕುಂದಿಲ್ಲವೆಂದು ಎಚ್ಚರಿಸುತ್ತಾನೆ. ಸಾಗಿಸಿದವರನ್ನು ಮರಳಿ ಊರಿಗೆ ಕಳುಹಿಸಿದ ಮಾತು ಅಲ್ಲಿಲ್ಲ. ಹೊಟ್ಟೆಪಾಡಿಗಾಗಿ ನಾವಾಗಿಯೇ ಊರು ಬಿಟ್ಟು ಬಂದ ನಮ್ಮಂಥವರಿಗೂ ಈ ಮೌನ ಚುಚ್ಚುತ್ತದೆ. ಮರುಗಿದ ಮಾತ್ರಕ್ಕೆ ಮಾಡಿದ್ದು ಅಳಿಸಿಹೋಗುವುದಿಲ್ಲ.

ಕಳಿಂಗದ ಧೌಳಿ, ಜೌಗಡಗಳಲ್ಲಿ 13ನೆಯ ಶಾಸನವನ್ನು ಕೊರೆಸಿಲ್ಲ. ಅಲ್ಲಿರುವುದು ಎರಡು ಪ್ರತ್ಯೇಕ ಶಾಸನಗಳು. ಇವೇ ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲೂ ದೊರೆತಿವೆ. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅವು 1989ರಲ್ಲಿ ಬೆಳಕಿಗೆ ಬಂದವು. ಪ್ರಜೆಗಳೆಲ್ಲ ತನ್ನ ಮಕ್ಕಳೆನ್ನುವ ವಾತ್ಸಲ್ಯ ಅವುಗಳಲ್ಲಿದೆ. ಆದರೆ ಅಶೋಕ ಅಷ್ಟಕ್ಕೇ ನಿಲ್ಲುವುದಿಲ್ಲ. ನಿಷ್ಕಾರಣವಾಗಿ ಯಾರೂ ಸೆರೆಯಲ್ಲಿ ನರಳಬಾರದು. ಅಧಿಕಾರಿಗಳು ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ಆಯಾಸಗಳಿಗೆ ಎಡೆಗೊಡಬಾರದು. ಐದು ವರ್ಷಕ್ಕೊಮ್ಮೆ ತಪಾಸಣೆ ನಡೆಯಬೇಕು ಎಂದು ವಿಧಿಸುತ್ತಾನೆ. ಸೋಮಾರಿತನವನ್ನೂ ಆಯಾಸವನ್ನೂ ಕ್ರೌರ್ಯದ ಸಾಲಿನಲ್ಲೇ ಇಟ್ಟದ್ದು ಗಮನಾರ್ಹ. ಮನಸ್ಸು ಮೃದುವಾಗಿದ್ದೂ ಕಡತ ನೋಡದ ಅಧಿಕಾರಿಯಿಂದ ಸೆರೆಯಾಳಿಗೇನು ಪ್ರಯೋಜನ?

ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿರುವ ಕಂಬದ 3ನೆಯ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮನುಷ್ಯ ತಾನು ಮಾಡಿದ ಒಳಿತನ್ನು ಮಾತ್ರ ಕಾಣುತ್ತಾನೆ, ಕೆಡುಕನ್ನು ಕಾಣುವುದಿಲ್ಲ ಎಂಬುದು ಅದರ ತಾತ್ಪರ್ಯ. ತೃಪ್ತಿಯೂ ಕೆಲವೊಮ್ಮೆ ಕಣ್ಣಿಗೆ ಪೊರೆಯಾದೀತು!

ಹಿತವಾದ ಭಾವಗಳನ್ನು ನಾವು ಅಲ್ಲಗಳೆಯುತ್ತಿಲ್ಲ. ಅವು ದಾರಿಯ ಬುತ್ತಿ. ಆದರೆ ದಾರಿ ಸವೆಯುವುದು ತನ್ನ ತಪ್ಪನ್ನು ತಾನೇ ಕಾಣುವುದರಿಂದ, ಬೇಸರವಾದರೂ ಕರ್ತವ್ಯ ಬಿಡದಿರುವುದರಿಂದ. ಊರಿಗೆ ಹೋದಾಗ ಸನ್ನತಿಗೂ, ದೆಹಲಿಯಲ್ಲಿರುವವರು ಕೋಟ್ಲಾಕ್ಕೂ ಮಕ್ಕಳನ್ನು ಒಮ್ಮೆ ಕರೆದೊಯ್ದು ಈ ಕಥೆಯನ್ನು ಹೇಳಬಾರದೇಕೆ?