ರಕ್ತದೊತ್ತಡದ ಔಷಧಗಳೂ ರಕ್ತೋತ್ಪತ್ತಿಯೂ: ಒಂದು ಐತಿಹಾಸಿಕ ಅವಲೋಕನ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಮಾರ್ಗದಲ್ಲಿರುವ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರಾದ ಬೀಡನ್ ಎಂಬವರು ಶಿಲಾಶಾಸನವೊಂದನ್ನು ಕಂಡರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದು ಮಾತ್ರವಿದ್ದು, ಅಶೋಕನೆಂಬ ಹೆಸರು ಮೊದಲು ದೊರೆತದ್ದು ಇಲ್ಲಿಯೇ. ಕಾರ್ಯದಿಂದ ಪರಿಚಿತನಾದವನ ಗುರುತು ತಡವಾಗಿ ದೃಢಪಡುವುದು ವೈದ್ಯಶಾಸ್ತ್ರದ ಇತಿಹಾಸದಲ್ಲಿಯೂ ಉಂಟು. ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ನಿಯಂತ್ರಿಸುವ ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನಿನ ವೃತ್ತಾಂತವು ಅಂತಹದು.

1906ರಲ್ಲಿ ಪ್ಯಾರಿಸಿನ ಕಾರ್ನೊ ಮತ್ತು ಡೆಫ್ಲಾಂಡ್ರ್ ಎಂಬವರು, ರಕ್ತ ತೆಗೆಯಲಾದ ಮೊಲದ ಸೀರಮ್ಮನ್ನು ಬೇರೊಂದು ಮೊಲಕ್ಕೆ ಚುಚ್ಚಿ, ಅದರಲ್ಲಿ ಕೆಂಪು ಕಣಗಳು ಹೆಚ್ಚಿದುದನ್ನು ವರದಿ ಮಾಡಿದರು. ಆ ಅಜ್ಞಾತ ವಸ್ತುವು ಮೂತ್ರಪಿಂಡದಲ್ಲಿ ಹುಟ್ಟುವುದೆಂದು 1957ರಲ್ಲಿ ಷಿಕಾಗೋದ ಜೇಕಬ್ಸನ್ ಮತ್ತು ಸಂಗಡಿಗರು ತೋರಿಸಿದರು. ಜಪಾನಿನ ಮಿಯಾಕೆ, ಷಿಕಾಗೋದ ಗೋಲ್ಡ್‌ವಾಸರ್ ಮೊದಲಾದವರು ರಕ್ತಹೀನ ರೋಗಿಗಳ 2,550 ಲೀಟರ್ ಮೂತ್ರದಿಂದ ಅದನ್ನು ಶುದ್ಧರೂಪದಲ್ಲಿ ಪಡೆದುದು 1977ರಲ್ಲಿ. ಅಂದರೆ 71 ವರ್ಷಗಳ ತರುವಾಯ!

ರಕ್ತದೊತ್ತಡದ ಶೋಧವೂ ಇದೇ ಅಂಗದಿಂದ ಹೊರಟಿತೆಂಬುದು ನಮಗೆ ಗಮನಾರ್ಹವೆನಿಸುತ್ತದೆ. 1898ರಲ್ಲಿ ಸ್ಟಾಕ್‌ಹೋಮಿನ ಟೀಗರ್‌ಸ್ಟೆಟ್ ಹಾಗೂ ಬರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರದಲ್ಲಿ ಒತ್ತಡವನ್ನೇರಿಸುವ ವಸ್ತುವನ್ನು ಕಂಡು, ರೆನಿನ್ ಎಂದು ಕರೆದರು. ಅದರ ಕ್ರಿಯೆಯ ಫಲವಾಗಿ ಕಡೆಯಲ್ಲಿ ಉಂಟಾಗುವ ಆಂಜಿಯೊಟೆನ್ಸಿನ್-2 ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ಇದರ ಉತ್ಪತ್ತಿಯನ್ನು ತಡೆಯುವ ಕ್ಯಾಪ್ಟೊಪ್ರಿಲ್, ಬ್ರೆಜಿಲಿನ ಹಾವೊಂದರ ವಿಷದ ಅಧ್ಯಯನದಿಂದ ಹುಟ್ಟಿ, 1981ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಎನಲಾಪ್ರಿಲ್, ಲೊಸಾರ್ಟನ್ ಮುಂತಾದವು ಅನಂತರ ಬಂದವು.

ಆದರೆ ಆಂಜಿಯೊಟೆನ್ಸಿನ್ನಿಗೆ ಮತ್ತೊಂದು ಕೆಲಸವೂ ಇತ್ತು. ಅದು ಎರಿಥ್ರೊಪೊಯಿಟಿನ್ನಿನ ಸ್ರಾವವನ್ನು ಪ್ರಚೋದಿಸುತ್ತದೆ. ಮಜ್ಜೆಯಲ್ಲಿ ಕೆಂಪು ಕಣಗಳ ಬೆಳವಣಿಗೆಗೂ ನೆರವಾಗುತ್ತದೆ. ಆದಕಾರಣ ಈ ಔಷಧಗಳಿಂದ ಕೆಲವರಲ್ಲಿ ಹಿಮೋಗ್ಲೋಬಿನ್ ಇಳಿಯುತ್ತದೆ. ಸಾಮಾನ್ಯರಲ್ಲಿ ಈ ಇಳಿತ ಅಲ್ಪ, ಮೂತ್ರಪಿಂಡ ಕೆಟ್ಟವರಲ್ಲಿ ಹೆಚ್ಚು. 1990ರ ದಶಕದಲ್ಲಿ ಈ ದೋಷವೇ ಗುಣವಾಗಿ ಪರಿಣಮಿಸಿತು: ಮೂತ್ರಪಿಂಡದ ಕಸಿಯ ಬಳಿಕ ಕೆಂಪು ಕಣಗಳು ಮಿತಿಮೀರಿದವರಿಗೆ ವೈದ್ಯರು ಇವನ್ನೇ ಚಿಕಿತ್ಸೆಯಾಗಿ ಕೊಡತೊಡಗಿದರು. (ಒತ್ತಡದ ಎಲ್ಲ ಮಾತ್ರೆಗಳಿಗೂ ಈ ಮಾತು ಸಲ್ಲದು, ಅಮ್ಲೋಡಿಪಿನ್ನಿನ ದಾರಿ ಬೇರೆ.)

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ರಕ್ತಹೀನರು. ಇಂತಹ ನಾಡಿನಲ್ಲಿ, ಒತ್ತಡಕ್ಕೆ ಮಾತ್ರೆ ನುಂಗುವವಳ ನಿಶ್ಶಕ್ತಿಯನ್ನು ಊಟದ ಕೊರತೆಯೆಂದೇ ತಳ್ಳಿಹಾಕುವುದು ಸುಲಭ. ಬಹುಮಟ್ಟಿಗೆ ಕಬ್ಬಿಣಾಂಶದ ಅಭಾವವೇ ಕಾರಣವಿದ್ದೀತು. ಆದರೆ ರಕ್ತವನ್ನೂ ಮೂತ್ರಪಿಂಡವನ್ನೂ ಪರೀಕ್ಷಿಸದೆ ಹಾಗೆಂದು ನಿರ್ಣಯಿಸಲಾಗದು. ಈ ಔಷಧಗಳಲ್ಲಿ ಹಲವನ್ನು ಮೂತ್ರಪಿಂಡದ ರಕ್ಷಣೆಗಾಗಿಯೂ ಕೊಡುವುದರಿಂದ, ಹಿಮೋಗ್ಲೋಬಿನ್ ಇಳಿದೊಡನೆ ವೈದ್ಯರನ್ನು ಕೇಳದೆ ಮಾತ್ರೆಯನ್ನು ಬಿಡತಕ್ಕದ್ದಲ್ಲ.