ಮೂಗಿನ ಅಂದ, ಮೂಗಿನ ಉಸಿರು

ಮಲೆ ಮಹದೇಶ್ವರ ಬೆಟ್ಟ ಇಳಿದು ಪಾಲಾರ್ ಗಡಿ ದಾಟಿದರೆ ಮೆಟ್ಟೂರಿನ ಹಾದಿ. ಮೈಸೂರು, ಮಧುರೆಗಳ ಅರಸರು ಸೆಣಸಿದ್ದು ಈ ಗಡಿಸೀಮೆಗಾಗಿಯೇ. ಕಂಠೀರವ ನರಸರಾಜ ಒಡೆಯರ ಕೊನೆಯ ವರ್ಷಗಳಲ್ಲಿ, 1650ರ ದಶಕದಲ್ಲಿ, ಸತ್ಯಮಂಗಲದ ಕಡೆ ನುಗ್ಗಿದ ಮೈಸೂರಿನ ದಂಡು ಕೈಗೆ ಸಿಕ್ಕಿದವರ ಮೂಗು ಕೊಯ್ದಿತೆಂದು ಜೆಸ್ವಿಟ್ ಪಾದ್ರಿಗಳ ಪತ್ರಗಳು ತಿಳಿಸುತ್ತವೆ. ಮಧುರೆಯ ಪಡೆಯೂ ಅದೇ ರೀತಿ ಸೇಡು ತೀರಿಸಿಕೊಂಡಿತು. ಮೂಗು ಹೋದರೆ ಮಾನವೇ ಹೋದಂತೆ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲ ಅದು. ಹೊಸ ಮೂಗು ಕೂರಿಸುವ ವಿದ್ಯೆ ಈ ದೇಶದಲ್ಲಿ ಅಳಿಯದೆ ಉಳಿದದ್ದೂ ಅದರಿಂದಲೇ ಇರಬೇಕು.

ಆ ವಿದ್ಯೆಯ ಮೊದಲ ಪಾಠ ಸುಶ್ರುತ ಸಂಹಿತೆಯಲ್ಲಿದೆ. ಎಲೆಯೊಂದನ್ನು ಮೂಗಿನ ಅಳತೆಗೆ ಕತ್ತರಿಸಿಕೊಂಡು, ಅಷ್ಟೇ ಅಗಲದ ಚರ್ಮವನ್ನು ಕೆನ್ನೆಯಿಂದ ಬಿಡಿಸಿ ಹೊಲಿಯಬೇಕು. ಹೊಳ್ಳೆಗಳ ಜಾಗದಲ್ಲಿ ಎರಡು ನಳಿಗೆಗಳನ್ನು ಇಡಬೇಕು. ಆ ನಳಿಗೆಗಳಿಂದ ಹೊಸ ಮೂಗು ಕುಸಿಯದೆ ನಿಲ್ಲುತ್ತದೆ, ಗಾಳಿಗೂ ದಾರಿಯಾಗುತ್ತದೆ. ಅಂದಕ್ಕೂ ಉಸಿರಿಗೂ ಅಲ್ಲಿ ಒಂದೇ ಗಮನವಿತ್ತು.

ಈ ವಿದ್ಯೆ ಪಶ್ಚಿಮದ ಕಣ್ಣಿಗೆ ಬಿದ್ದದ್ದು ಮೈಸೂರು ಯುದ್ಧದಿಂದ. 1792ರ ಕದನದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಟಿಪ್ಪುವಿನ ಸೆರೆಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ಬಳಿಕ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕಸುಬಿನವನೊಬ್ಬ ಮೇಣದಿಂದ ಅಳತೆ ತೆಗೆದು, ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ, ಕಾಚು ಸವರಿದ ಬಟ್ಟೆಯಿಂದ ಅಂಟಿಸಿದ. ಹತ್ತನೇ ದಿನ ಹೊಳ್ಳೆಗಳಿಗೆ ಮೆತ್ತನೆಯ ಬಟ್ಟೆ ತುರುಕಿ ದಾರಿ ತೆರೆದಿಟ್ಟ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಇದನ್ನು ಅಚ್ಚು ಹಾಕಿತು. ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಈ ಶಸ್ತ್ರಕ್ರಿಯೆ ಮಾಡಿದರು. 1816ರಲ್ಲಿ ಪುಸ್ತಕ ಬರೆದರು.

ಮುಂದಿನ ತಿರುವು ಬೇರೆ ಬಗೆಯದು. 1887ರಲ್ಲಿ ಅಮೆರಿಕದ ಜಾನ್ ರೋ, 1898ರಲ್ಲಿ ಬರ್ಲಿನ್ನಿನ ಜಾಕ್ ಜೋಸೆಫ್ ಇದ್ದ ಮೂಗನ್ನೇ ಕಿರಿದಾಗಿಸುವ ಕೆಲಸಕ್ಕೆ ಕೈ ಹಾಕಿದರು. ಇಲ್ಲದ ಮೂಗನ್ನು ಕಟ್ಟುವವನಿಗೆ ಹೊಳ್ಳೆ ಕಣ್ಣ ಮುಂದೆಯೇ ಇರುತ್ತದೆ. ಇರುವುದನ್ನು ತೆಗೆಯುವವನಿಗೆ ಕಾಣುವುದು ಹೊರಗಿನ ಗೆರೆ ಮಾತ್ರ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಕ್ಷೇತ್ರದಲ್ಲಿ ತೆಗೆಯುವ ಕೈಯೇ ಮುಂದಾಗಿತ್ತು.

ಉಸಿರು ಕೆಡುವ ಬಗೆ ಹೀಗೆ. ಮೂಗಿನ ನಡುಗೋಡೆಗೂ ಪಕ್ಕದ ಮೃದ್ವಸ್ಥಿಗೂ ನಡುವೆ ಕೇವಲ 10ರಿಂದ 15 ಡಿಗ್ರಿಯ ಕೋನವಿದೆ. ಇದಕ್ಕೆ ‘ವಾಲ್ವ್’ ಎಂಬ ಹೆಸರನ್ನು 1903ರಲ್ಲಿ ಮಿಂಕ್ ಎಂಬ ವೈದ್ಯರು ಕೊಟ್ಟರು. ಮೂಗಿನಲ್ಲಿ ಗಾಳಿಗೆ ಎದುರಾಗುವ ತಡೆಯಲ್ಲಿ ದೊಡ್ಡ ಪಾಲು ಈ ಇಕ್ಕಟ್ಟಿನದೇ. ಮೂಗಿನ ಬೆನ್ನ ಮೇಲಿನ ಉಬ್ಬನ್ನು ಅರೆದು ತೆಗೆದಾಗ, ತೊಲೆ ಕಳಚಿದ ಸೂರಿನಂತೆ ಪಕ್ಕದ ಮೃದ್ವಸ್ಥಿಗಳು ಒಳಕ್ಕೆ ಜಾರುತ್ತವೆ. ಮೂಳೆಯನ್ನು ಒಡೆದು ಅತಿಯಾಗಿ ಹತ್ತಿರ ತಂದರೆ ದಾರಿ ಮತ್ತಷ್ಟು ಕಿರಿದು. ತುದಿಯ ಮೃದ್ವಸ್ಥಿಯನ್ನು ಹೆಚ್ಚು ಕತ್ತರಿಸಿದರೆ ಉಸಿರೆಳೆದಾಗ ಹೊಳ್ಳೆಯ ಗೋಡೆ ಒಳಕ್ಕೆ ಬಾಗುತ್ತದೆ. ಮೊದಲಿದ್ದ ನಡುಗೋಡೆಯ ಡೊಂಕನ್ನು ಹಾಗೇ ಬಿಟ್ಟು ಹೊರಗೆ ಸಣ್ಣದಾಗಿಸಿದರೆ, ಅದುವರೆಗೆ ಸಹಿಸಿಕೊಂಡಿದ್ದ ತೊಡಕು ಕಾಯಿಲೆಯಾಗಿ ನಿಲ್ಲುತ್ತದೆ. ಶಸ್ತ್ರಕ್ರಿಯೆಯ ನಂತರದ ಊತದಿಂದ ಕೆಲವು ವಾರ ಮೂಗು ಕಟ್ಟುವುದು ಸಹಜ. ಒಳಗಿನ ಗಾಯ ಮಾಗಿ ಬಿಗಿಯುತ್ತಾ, ವರ್ಷಗಳ ಮೇಲೆ ಕಾಣಿಸಿಕೊಳ್ಳುವ ತೊಂದರೆ ಬೇರೆ.

ಈ ಅರಿವು ಮೊದಲು ಬೆಳೆದದ್ದು ಅಂದದ ಚಿಕಿತ್ಸಕರ ಕೋಣೆಯಲ್ಲಲ್ಲ, ಕಿವಿ-ಮೂಗು-ಗಂಟಲು ವೈದ್ಯರಲ್ಲಿ. ಫ್ರೀರ್ 1902ರಲ್ಲಿ, ಕಿಲಿಯನ್ 1904ರಲ್ಲಿ ಡೊಂಕಾದ ನಡುಗೋಡೆಯನ್ನು ತೆಗೆಯುವ ಕ್ರಮವನ್ನು ಬರೆದಿಟ್ಟರು. ಆಧಾರವೇ ಹೋದರೆ ಮೂಗು ಕುಸಿಯುತ್ತದೆಂಬ ಅನುಭವದಿಂದ, ಮೇಲೆ ಮತ್ತು ಮುಂದೆ ಒಂದೊಂದು ಸೆಂಟಿಮೀಟರಿನಷ್ಟು ಪಟ್ಟಿ ಉಳಿಸುವ ನಿಯಮ ಬಂತು. 20ನೇ ಶತಮಾನದ ನಡುವೆ ಷಿಕಾಗೋದ ಮಾರಿಸ್ ಕಾಟಲ್, ರೂಪವನ್ನೂ ಕೆಲಸವನ್ನೂ ಬೇರ್ಪಡಿಸಲಾಗದೆಂದು ಪಟ್ಟು ಹಿಡಿದು ಕಲಿಸಿದರು. ಕೆನ್ನೆಯನ್ನು ಪಕ್ಕಕ್ಕೆಳೆದಾಗ ಉಸಿರು ಸಲೀಸಾದರೆ ವಾಲ್ವ್‌ನಲ್ಲಿ ತೊಂದರೆಯಿರಬಹುದೆಂಬ ಸರಳ ಪರೀಕ್ಷೆಗೆ ಅವರದೇ ಹೆಸರಿದೆ. 1984ರಲ್ಲಿ ಜಾಕ್ ಶೀನ್ ‘ಸ್ಪ್ರೆಡರ್ ಗ್ರಾಫ್ಟ್’ ವಿವರಿಸಿದರು: ಮೃದ್ವಸ್ಥಿಯ ತೆಳುವಾದ ಪಟ್ಟಿಗಳನ್ನು ನಡುಗೋಡೆಯ ಇಕ್ಕೆಲಕ್ಕೂ ಸೇರಿಸಿ ಕುಸಿದ ಕೋನವನ್ನು ಅಗಲಿಸುವುದು. ಅಂದಿನಿಂದ ತೆಗೆಯುವ ಕೈಗಿಂತ ಆಧಾರ ಕೊಡುವ ಕೈಗೆ ಬೆಲೆ ಬಂತು. 2004ರಲ್ಲಿ ಬಂದ ‘ನೋಸ್’ ಪ್ರಶ್ನಾವಳಿ, ರೋಗಿಯೇ ತನ್ನ ತೊಂದರೆಗೆ ಅಂಕ ಕೊಡುವ ದಾರಿ ತೆರೆಯಿತು. ಮೂಗಿನ ಬೆನ್ನಿನ ಭಾಗವನ್ನು ಒಡೆಯದೆ ಇಡಿಯಾಗಿ ಕೆಳಗಿಳಿಸುವ ವಿಧಾನ 1899ರಲ್ಲೇ ಗುಡೇಲ್ ಸೂಚಿಸಿದ್ದು. ಈಚಿನ ವರ್ಷಗಳಲ್ಲಿ ಅದು ಮತ್ತೆ ಮುನ್ನೆಲೆಗೆ ಬಂದಿದೆ.

ಹಾಗಾಗಿ ಅಂದದ ಶಸ್ತ್ರಕ್ರಿಯೆಯೆಲ್ಲ ಉಸಿರಿಗೆ ಶತ್ರುವಲ್ಲ. ಡೊಂಕನ್ನು ಸರಿಪಡಿಸುತ್ತಲೇ ರೂಪ ತಿದ್ದಿದರೆ ಉಸಿರು ಸುಧಾರಿಸುವುದೂ ಉಂಟು. ಹಾನಿಯಾಗುವುದು ಒಳಗನ್ನು ನೋಡದೆ ಹೊರಗನ್ನು ಕತ್ತರಿಸಿದಾಗ. ಪಾಲಾರ್, ಹನೂರು, ಯಳಂದೂರಿನ ಯಾರಾದರೂ ಮೂಗು ತಿದ್ದಿಸಿಕೊಳ್ಳಲು ದೂರದ ನಗರಕ್ಕೆ ಹೊರಡುವ ಮೊದಲು ಚಾಮರಾಜನಗರ ಅಥವಾ ಮೈಸೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ನಡುಗೋಡೆಯನ್ನೂ ವಾಲ್ವನ್ನೂ ತೋರಿಸಿಕೊಳ್ಳಲಿ. ಅಲರ್ಜಿಯಿಂದ ಮೂಗು ಕಟ್ಟುತ್ತಿದ್ದರೆ ಅದಕ್ಕೆ ಮೊದಲು ಮದ್ದು ಮಾಡಿಸಲಿ. ಎಷ್ಟು ತೆಗೆಯುತ್ತೀರಿ, ಯಾವ ಆಧಾರ ಉಳಿಸುತ್ತೀರಿ ಎಂದು ಶಸ್ತ್ರವೈದ್ಯರನ್ನು ಕೇಳಲಿ. ಇದಕ್ಕೆ ಸ್ಪಷ್ಟ ಉತ್ತರ ಕೊಡದ ಕೈಗೆ ಮೂಗನ್ನು ಒಪ್ಪಿಸಬಾರದು.