ಕತ್ತಿಗೆ ಅಂಟಿದ ಕೋವಿ

ಎಲೆಕ್ಷನ್ ಬಂತು ಅಂದ್ರೆ ನಮ್ಮ ಕಡೆ ತೋಟದ ಕೋವಿಗಳೆಲ್ಲ ಠಾಣೆ ಸೇರ್ತವೆ. ಹಂದಿಗಳಿಗೆ ಹಬ್ಬ. ಕತ್ತಿಯನ್ನು ಮಾತ್ರ ಯಾರೂ ಕೇಳಲ್ಲ, ಅದು ಕೊಟ್ಟಿಗೆ ಗೋಡೆಯಲ್ಲಿ ಸಿಕ್ಕಿಸಿದ ಹಾಗೇ ಇರ್ತದೆ. ಈ ಎರಡೂ ಒಂದೇ ಹಿಡಿಯಲ್ಲಿದ್ದ ಕಾಲ ಇತ್ತು ಅಂದ್ರೆ ನಂಬ್ತೀರಾ? ಇತ್ತು ಮಾರಾಯ್ತಿ. ಮುನ್ನೂರು ವರ್ಷದ ಹಿಂದೆ ಯುರೋಪಿನ ಶ್ರೀಮಂತರು ಶಿಕಾರಿಗೆ ಹೋಗುವಾಗ ಸೊಂಟಕ್ಕೆ ಕಟ್ತಿದ್ದ ಗಿಡ್ಡ ಕತ್ತಿಗಳಲ್ಲಿ ಕೆಲವಕ್ಕೆ ಅಲಗಿನ ಪಕ್ಕದಲ್ಲೇ ಒಂದು ಪುಟ್ಟ ಪಿಸ್ತೂಲು ಕೂರಿಸಿರ್ತಿದ್ರು.

ಯಾಕೆ ಈ ಕಸರತ್ತು ಅಂತ ತಿಳಿಬೇಕಾದ್ರೆ ಆಗಿನ ಪಿಸ್ತೂಲು ಹೇಗೆ ಹಾರ್ತಿತ್ತು ಅಂತ ನೋಡ್ಬೇಕು. ಅದು ಚಕಮುಕಿ ಕಲ್ಲಿಂದು. ನಳಿಗೆ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಕಡ್ಡಿಯಿಂದ ಜಡೀಬೇಕು. ಹೊರಗಡೆ ಒಂದು ಪುಟ್ಟ ಬಟ್ಟಲು, ಅದಕ್ಕೆ ಚಿಟಿಕೆ ಮದ್ದು, ಅದಕ್ಕೆ ರಂಜಕ ಅಂತಾರೆ. ಕುದುರೆ ಎಳೆದ್ರೆ ಕಲ್ಲು ಹೋಗಿ ಉಕ್ಕಿಗೆ ಬಡೀತದೆ, ಕಿಡಿ ರಂಜಕಕ್ಕೆ ಬೀಳ್ತದೆ, ಅಲ್ಲಿಂದ ಸಣ್ಣ ತೂತಿನೊಳಗೆ ಬೆಂಕಿ ಹೋಗಿ ಢಂ ಅಂತದೆ. ಎಷ್ಟೋ ಸಲ ರಂಜಕ ಮಾತ್ರ ಭಗ್ ಅಂದು ಗುಂಡು ಒಳಗೇ ಉಳೀತಿತ್ತು. ಇನ್ನು ನಮ್ಮ ಅತ್ತಿಗುಂಡಿ ಮಂಜಲ್ಲಂತೂ ಕೇಳೋದೇ ಬೇಡ, ಆಷಾಢದಲ್ಲಿ ಬೆಂಕಿಪೆಟ್ಟಿಗೆಯನ್ನೇ ಒಲೆದಂಡೆ ಮೇಲೆ ಬೆಚ್ಚಗಿಡೋ ಊರು ನಮ್ಮದು.

ಸರಿಯಾಗಿ ಹಾರಿದ್ರೂ ಒಂದೇ ಈಡು. ಮತ್ತೆ ತುಂಬಿಸೋ ತನಕ ಗಾಯಗೊಂಡ ಹಂದಿ ಕಾಯ್ತದಾ? ಕೋರೆ ಮಸೆದುಕೊಂಡು ಬಂದೇ ಬರ್ತದೆ. ಆಗ ಪಿಸ್ತೂಲು ಬಿಸಾಡಿ ಕತ್ತಿ ಹಿರಿಯೋಕೂ ಪುರುಸೊತ್ತಿಲ್ಲ. ಎರಡೂ ಒಂದೇ ಕೈಯಲ್ಲಿದ್ರೆ? ಹುಟ್ಟಿದ್ದು ಆ ಭಯದಿಂದ. ಒಂದೇ ಈಡಿನ ಮೇಲೆ ಜೀವ ಇಡೋ ಭಯ.

ಆದ್ರೆ ಅದು ಅಷ್ಟಾಗಿ ನಡೀಲಿಲ್ಲ. ಪಿಸ್ತೂಲಿನ ಭಾರಕ್ಕೆ ಕತ್ತಿ ಬೀಸೋಕೆ ಆಗ್ತಿರ್ಲಿಲ್ಲ, ಕತ್ತಿಯ ಉದ್ದಕ್ಕೆ ಗುರಿ ಹಿಡಿಯೋಕೆ ಆಗ್ತಿರ್ಲಿಲ್ಲ. ಬರಬರ್ತಾ ಬೆಳ್ಳಿ ಕೆತ್ತನೆ ಮಾಡಿಸಿ ತೋರಿಸ್ಕೊಳ್ಳೋ ವಸ್ತು ಆಯ್ತು. ನಮ್ಮ ಈಳಿಗೆಮಣೆ ನೋಡಿ, ಕೆಳಗೆ ತರಕಾರಿ ಹೆಚ್ಚೋಕೆ, ತುದಿಯಲ್ಲಿ ಕಾಯಿ ತುರಿಯೋಕೆ. ಅದು ಚೆನ್ನಾಗಿ ನಡೀತದೆ, ಯಾಕಂದ್ರೆ ಬದನೆಕಾಯಿ ಯಾರ ಮೈಮೇಲೂ ಏರಿ ಬರಲ್ಲ. ಟಿವಿಯಲ್ಲಿ ತೋರಿಸೋ ಹದಿನೆಂಟು ಕೆಲಸದ ಮಿಕ್ಸಿ ನನಗೆ ಆ ಶಿಕಾರಿ ಕತ್ತಿಯ ಮೊಮ್ಮಗಳ ಹಾಗೇ ಕಾಣ್ತದೆ.

ನಮ್ಮ ದೇಶದಲ್ಲೂ ಮಾಡಿದ್ರು. ಉತ್ತರದ ಕಡೆ ಕಠಾರಿ ಅಂತ ಮುಷ್ಟಿಯಲ್ಲಿ ಹಿಡಿಯೋ ಬಾಕು ಇದೆಯಲ್ಲ, ಅದರ ಎರಡೂ ಬದಿಗೆ ಒಂದೊಂದು ಪಿಸ್ತೂಲು ಕೂರಿಸಿದ್ದು ಮ್ಯೂಸಿಯಂಗಳಲ್ಲಿ ಇವತ್ತಿಗೂ ಇದೆ. ಕೊನೆಗೆ ಗೆದ್ದಿದ್ದು ಮಾತ್ರ ಬಯೊನೆಟ್ಟು. ಕತ್ತಿಗೆ ಕೋವಿ ಅಂಟಿಸೋ ಬದಲು ಉದ್ದ ಕೋವಿಯ ತುದಿಗೆ ಅಲಗು ಸಿಕ್ಕಿಸೋದು. ಮೊದಮೊದಲು ಅದನ್ನ ನಳಿಗೆ ಬಾಯೊಳಗೇ ತುರುಕ್ತಿದ್ರಂತೆ, ತುರುಕಿದ ಮೇಲೆ ಗುಂಡು ಹೊಡೆಯೋ ಹಾಗಿಲ್ಲ! ಆಮೇಲೆ ಬುದ್ಧಿ ಬಂದು ಬಳೆಯ ಹಾಗೆ ಹೊರಗಿಂದ ತೊಡಿಸೋದು ಕಲಿತ್ರು.

ಅಂಥದ್ದೊಂದು ನಮ್ಮ ಮೈಸೂರು ಸೀಮೆಯದ್ದೇ 2019ರಲ್ಲಿ ಇಂಗ್ಲೆಂಡಿನ ಒಂದು ಅಟ್ಟದಿಂದ ಇಳೀತು. ಬರ್ಕ್‌ಷೈರಿನ ದಂಪತಿಯ ಮನೆಯಲ್ಲಿ ನ್ಯೂಸ್‌ಪೇಪರಲ್ಲಿ ಸುತ್ತಿಟ್ಟಿದ್ದ ಚಕಮುಕಿ ಶಿಕಾರಿ ಕೋವಿ, ಬೆಳ್ಳಿ ಕೆಲಸದ್ದು, ಜೊತೆಗೆ ಬಯೊನೆಟ್ಟು. ಟಿಪ್ಪುವಿನ ಸ್ವಂತ ಆಯುಧಶಾಲೆಯದ್ದು ಅಂತ ಹರಾಜಿನವರು ಹೇಳಿದ್ರು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಅನ್ನೋರು ಊರಿಗೆ ಒಯ್ದಿದ್ದು. 60,000 ಪೌಂಡಿಗೆ ಹೋಯ್ತು, ಅಂದ್ರೆ ಐವತ್ತು ಲಕ್ಷದ ಮೇಲೆ. ನನಗೆ ಹೊಟ್ಟೆ ಉರಿದಿದ್ದು ಕೋವಿಗಲ್ಲ. ಅದರ ಜೊತೆಗೆ ಒಂದು ಅಡಿಕೆ ಡಬ್ಬಿಯೂ ಸಿಕ್ಕಿತ್ತು, ಒಳಗೆ ಇನ್ನೂ ಅಡಿಕೆ ಇತ್ತಂತೆ! 220 ವರ್ಷದ ಅಡಿಕೆ. ಯಾರು ಹಾಕ್ಕೊಳ್ಳಬೇಕು ಅಂತ ಇಟ್ಟಿದ್ರೋ.

ಚಕಮುಕಿಯ ಕಾಲ ಮುಗಿಸಿದ್ದೂ ಶಿಕಾರಿಯೇ. ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಫೋರ್ಸೈತ್ ಅಂತ ಒಬ್ಬ ಪಾದ್ರಿ, ಹಕ್ಕಿ ಹೊಡೆಯೋ ಹುಚ್ಚು. ರಂಜಕ ಭಗ್ ಅಂದ ಕೂಡ್ಲೇ ಬಾತುಗಳು ಹಾರಿಹೋಗ್ತಿದ್ವು. ಪೆಟ್ಟಿಗೆ ಹೊತ್ತಿಕೊಳ್ಳೋ ಮದ್ದು ಬಳಸೋ ಉಪಾಯ ಮಾಡಿ 1807ರಲ್ಲಿ ಪೇಟೆಂಟ್ ತಗೊಂಡ. ಅದರಿಂದಲೇ ಮುಂದೆ ನಮ್ಮ ಹಿರಿಯರ ಕೇಪಿನ ಕೋವಿ ಬಂತು. ಆಮೇಲೂ ಅಮೆರಿಕದ ನೌಕಾಪಡೆ ಕತ್ತಿ ಅಂಟಿದ ಕೇಪಿನ ಪಿಸ್ತೂಲು 150 ಮಾಡಿಸ್ತು, 1838ರ ಹೊತ್ತಿಗೆ. ಆದ್ರೆ ಅಷ್ಟರಲ್ಲಿ ಐದಾರು ಸಲ ಹೊಡೆಯೋ ರಿವಾಲ್ವರ್ ಬಂದಾಗಿತ್ತು. ಇನ್ನು ಕತ್ತಿ ಯಾಕೆ?

ನಮ್ಮ ಪಕ್ಕದ ಕೊಡಗಿನವರು ಎರಡನ್ನೂ ಅಂಟಿಸದೆ ಒಟ್ಟಿಗೆ ಇಟ್ಕೊಂಡ್ರು. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತದ ದಿನ ಒಡಿಕತ್ತಿ, ಪೀಚೆಕತ್ತಿ, ಕೋವಿ ಎಲ್ಲಾ ದೇವರ ಮುಂದೆ. ಕೋವಿ ನಳಿಗೆಗೆ ತೋಕ್ ಪೂ ಸಿಕ್ಕಿಸ್ತಾರೆ, ಅದೇ ನಮ್ಮ ಗೌರಿಹೂ. ಲೈಸೆನ್ಸಿನಿಂದ ಅವರಿಗೆ ಇಂಗ್ಲಿಷರ ಕಾಲದಿಂದಲೂ ವಿನಾಯಿತಿ, 2029ರ ತನಕ ಈಗ ಮುಂದುವರಿಸಿದ್ದಾರೆ.

ನಮಗೆ ಆ ವಿನಾಯಿತಿ ಇಲ್ಲ ಅನ್ನೋದು ನೆನಪಿರಲಿ. ಹಳೇದು ಅಂದ ಮಾತ್ರಕ್ಕೆ ಬಚಾವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡೋದು ರಿಪೇರಿ ಮಾಡಿದ್ರೂ ಹಾರದ ಹಳೇ ಕೋವಿಯನ್ನ ಮಾತ್ರ. ಯಜಮಾನರು ತೀರಿಕೊಂಡ ಮೇಲೆ ಅವರ ಲೈಸೆನ್ಸಿನ ಕೋವಿ ತಾನಾಗಿ ನಮ್ಮದಾಗಲ್ಲ, ಠಾಣೆಗೋ ಲೈಸೆನ್ಸ್ ಇರೋ ಕೋವಿ ಅಂಗಡಿಗೋ ಒಪ್ಪಿಸಿ ಅರ್ಜಿ ಹಾಕ್ಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ಅಜ್ಜನ ಕಾಲದ್ದನ್ನೂ ಲೆಕ್ಕ ಹಿಡಿದು. ಇನ್ನೊಂದು, ಹಳೇ ಮನೆ ಕೀಳುವಾಗ ಹೊಗೆಯಟ್ಟದಲ್ಲಿ ಕೇಪಿನ ಕೋವಿ ಸಿಕ್ಕರೆ ಮಕ್ಕಳ ಕೈಗೆ ಫೋಟೋಗೆ ಅಂತ ಕೊಡಬೇಡಿ, ಒಲೆ ಹತ್ರ ಒರಗಿಸಬೇಡಿ. ತುಂಬಿಸಿಟ್ಟು ಮರೆತದ್ದು ಇರ್ತದೆ. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷ ಆದ್ರೂ ಸಾಯಲ್ಲ.